ಆಸನ ಅನ್ನಲ್ಲ, ಸೀಟೇ ಅನ್ನೋದು

ಪಕ್ಕದ ಮನೆಯ ಪಂಡಿತರಿಗೆ ನನ್ನ ಮೇಲೆ ಇರುವುದು ಒಂದೇ ದೂರು. "ಅಲ್ಲಮ್ಮಾ, ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವರು ನೀವು. ಸೀಟು ಸೀಟು ಅಂತೀರಲ್ಲ, ಆಸನ ಅನ್ನಬಾರದೇ?"

ಅನ್ನಬಾರದು. ಅನ್ನಲ್ಲ. ರಾಗಿಮುದ್ದೆಯಷ್ಟೇ ಕನ್ನಡದವಳು ನಾನು, ಆದರೂ ಈ ಒಂದು ಮಾತಿನಲ್ಲಿ ಇಂಗ್ಲಿಷಿನ ಪಕ್ಷ.

ಯಾಕೆ ಅಂತೀರಾ? ನಾನು ಹುಡುಗಿಯಾಗಿದ್ದಾಗ ನಮ್ಮ ಕನ್ನಡದ ಕೂರುವ ಜಾಗಗಳಲ್ಲೆಲ್ಲ ಮೊದಲೇ ಯಾರೋ ಕೂತುಬಿಟ್ಟಿದ್ದರು. ಸಿಂಹಾಸನದ ಮೇಲೆ ಮಹಾರಾಜರು, ಪೀಠದ ಮೇಲೆ ಸ್ವಾಮಿಗಳು, ಮಣೆಯ ಮೇಲೆ ಅಳಿಯಂದಿರು, ಜಗಲಿಯ ಮೇಲೆ ಪಟೇಲರು. ನಮ್ಮ ಕೇರಿಯವರಿಗೆ ಉಳಿದದ್ದು ನೆಲ, ಅದೂ ಜಗಲಿಯಿಂದ ದೂರದ ನೆಲ. ಸೀಟು ಹಾಗಲ್ಲ. ಅದು ಸೈಕಲ್ಲಿಗೂ ಉಂಟು, ಅಸೆಂಬ್ಲಿಗೂ ಉಂಟು. ಚನ್ನರಾಯಪಟ್ಟಣದ ದರ್ಜಿಯೊಬ್ಬ ದೊಡ್ಡ ಅಮಲ್ದಾರರನ್ನೇ ಹಿಂದೆ ತಿರುಗಿಸಿ ನಿಲ್ಲಿಸಿ, "ಪ್ಯಾಂಟಿನ ಸೀಟು ಸವೆದೋಗೈತೆ ಸಾ" ಅಂದಿದ್ದನಂತೆ. ಇಂಥ ಸಮದೃಷ್ಟಿ ಆಸನಕ್ಕೆಲ್ಲಿಂದ ಬರಬೇಕು?

ಪಂಡಿತರು ಸೋಲುವವರಲ್ಲ. ಇಂಗ್ಲಿಷಿನ ಸೀಟೂ ಸಂಸ್ಕೃತದ 'ಸದ್' ಧಾತುವೂ ಒಂದೇ ಬೇರಿನವು, ಉಪನಿಷತ್ತು ಅಂದರೆ ಗುರುವಿನ ಹತ್ತಿರ ಕೂರುವುದು ಅಂತ ಮೊನ್ನೆ ವಿವರಿಸಿದರು. ಸಂತೋಷ ಸ್ವಾಮಿ ಅಂದೆ. ಹತ್ತಿರ ಕೂರಿಸಿಕೊಂಡಿದ್ದರೆ ನಾವೂ ಕೇಳುತ್ತಿದ್ದೆವು.

ಈಗ ನನ್ನ ಸೀಟಿನ ಕಥೆ ಕೇಳಿ. ಐವತ್ತರ ದಶಕ ಮುಗಿಯುತ್ತಿತ್ತು. ಮಲ್ಲಿಪಟ್ಟಣದ ಕಡೆಯಿಂದ ಅರಕಲಗೂಡಿನ ಮೇಲೆ ಹಾಸನಕ್ಕೆ ಬೆಳಗ್ಗೆ ಒಂದೇ ಬಸ್ಸು. ಆವತ್ತು ಹಾಸನದ ಟ್ರೈನಿಂಗ್ ಸ್ಕೂಲಿನಲ್ಲಿ ನನಗೆ ಇಂಟರ್ವ್ಯೂ. ಬಸ್ಸು ತಪ್ಪಿದರೆ ಮೇಷ್ಟ್ರಮ್ಮ ಆಗುವ ಆಸೆ ಅಲ್ಲಿಗೇ ಮುಗಿದಂತೆ, ಮಾರನೇ ದಿನದಿಂದ ಅವ್ವನ ಜೊತೆ ಕಳೆ ಕೀಳುವುದೇ ಗತಿ.

ನಮ್ಮ ಸೀಮೆಯಲ್ಲಿ ಬಸ್ಸಿಗೊಂದು ಕಾನೂನಿತ್ತು. ಕಿಟಕಿಯಿಂದ ಸೀಟಿನ ಮೇಲೆ ಟವಲ್ ಹಾಕಿದರೆ ಮುಗಿಯಿತು, ಸೀಟು ಟವಲಿನವರದು. ಹೊಲದ ಬದು ಒತ್ತರಿಸಿದವನೂ ಇನ್ನೊಬ್ಬರ ಟವಲ್ ಸರಿಸುತ್ತಿರಲಿಲ್ಲ. ನಮ್ಮವರು ಮಾತ್ರ ಯಾವತ್ತೂ ಟವಲ್ ಹಾಕಿದವರಲ್ಲ, ಹಿಂದೆ ಕಂಬಿ ಹಿಡಿದು ನಿಲ್ಲುವವರು. ಬಸ್ಸು ಬಂತು. ಅವ್ವ ರೊಟ್ಟಿ ಗಂಟು ಬಿಚ್ಚಿದಳು, ರೊಟ್ಟಿ ನನ್ನ ಕೈಗಿಟ್ಟಳು, ಗಂಟು ಕಟ್ಟಿದ್ದ ಅಪ್ಪನ ಟವಲನ್ನು ಕಿಟಕಿಯಿಂದ ಎಸೆದೇಬಿಟ್ಟಳು. ಬಿದ್ದದ್ದು ಎಲ್ಲಿ? ಡ್ರೈವರ್ ಹಿಂದಿನ ಮೊದಲನೇ ಸೀಟಿಗೆ!

ಹತ್ತಿ ನೋಡಿದರೆ ಊರ ಪಟೇಲರು ಅದೇ ಸೀಟಿನ ಮುಂದೆ ನಿಂತಿದ್ದಾರೆ. "ಯಾರ್ದಲಾ ಈ ಟವಲು?" ಅನ್ನುತ್ತಾ ಎತ್ತಲು ಕೈ ಚಾಚಿದರು.

"ನಂದೇ ಕಣ್ ಬುದ್ದಿ" ಅಂದಳು ಅವ್ವ.

ಪಟೇಲರು ಕೆಂಡ ಕಂಡವರಂತೆ ಕೈ ಹಿಂದಕ್ಕೆಳೆದುಕೊಂಡರು.

ಕಂಡಕ್ಟರ್ ರೇಗಿದ. "ಎತ್ಕಳಮ್ಮೀ ಅದ್ನ. ಇಂದಕ್ಕೋಗು, ಇಲ್ಲಾ ಇಳ್ಕೊ."

ಇಳಿಸಿದರೆ ನನ್ನ ಇಂಟರ್ವ್ಯೂ ಹೋಯಿತು. "ನಿಂತ್ಕಂಡೇ ಓಗಾನ ಬಾ ಅವ್ವ" ಅಂತ ಸೆರಗು ಜಗ್ಗಿದೆ. ಅವ್ವ ಜಗ್ಗಲಿಲ್ಲ.

"ನಾನ್ ಎತ್ತಾಕಿಲ್ಲ ಸಾ. ಬೇಕಾದೋರು ಎತ್ತಿ ಮಡಗಿ ಕುಂತ್ಕಳ್ಳಿ. ನಾನ್ ಬ್ಯಾಡ ಅಂದ್ನಾ?"

ಎತ್ತುವವರು ಯಾರು? ಮುಟ್ಟಿದರೆ ಪಟೇಲರಿಗೆ ಮೈಲಿಗೆ, ಕಂಡಕ್ಟರಿಗೂ ಮೈಲಿಗೆ. ನಮ್ಮನ್ನು ದೂರ ಇಡಲು ಕಟ್ಟಿದ ಬೇಲಿ ಆವತ್ತು ನಮ್ಮ ಸೀಟನ್ನೇ ಕಾಯುತ್ತಾ ಕೂತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ, "ಟವಲ್ ಬಿದ್ಮ್ಯಾಕೆ ಅವರ್ದೇ ಕಣ್ರಿ! ನಾಳೀಕೆ ನಮ್ ಟವಲ್‌ಗೇನ್ ಮರ್ವಾದೆ?" ಅಂದ. ಅವನಿಗೆ ನಮ್ಮ ಮೇಲೆ ಪ್ರೀತಿಯೇನೂ ಇರಲಿಲ್ಲ, ಟವಲಿನ ಮೇಲಿತ್ತು. ಆದರೂ ಅವನ ಹೊಟ್ಟೆ ತಣ್ಣಗಿರಲಿ, ಬಸ್ಸೆಲ್ಲ ಹೌದು ಹೌದು ಅಂತು. ಡ್ರೈವರ್ ಹಾರನ್ ಒತ್ತಿದ. ಕಂಡಕ್ಟರ್ ಗೊಣಗಿಕೊಂಡೇ "ರೈಟ್" ಅಂದ. ನಾವು ಕೂತೆವು.

ಪಟೇಲರು ಹಾಸನದವರೆಗೂ ಕಂಬಿ ಹಿಡಿದು ನಿಂತೇ ಬಂದರು. ಅಯ್ಯೋ ಪಾಪ ಅನ್ನಿಸಲಿಲ್ಲವೇ ಅಂತ ಕೇಳಬೇಡಿ. ಅನ್ನಿಸಲಿಲ್ಲ. ಕಿಟಕಿಯ ಗಾಳಿ ಬಹಳ ಚೆನ್ನಾಗಿತ್ತು.

ಟ್ರೈನಿಂಗ್ ಸ್ಕೂಲಿನಲ್ಲಿ ನನ್ನ ಹೆಸರು ಕೂಗಿದಾಗ ಅವ್ವ ಬಾಗಿಲಲ್ಲೇ ನಿಂತಳು. ಟವಲನ್ನು ನನ್ನ ಕೈಗೆ ತುರುಕಿದಳು, ಅಷ್ಟೆ. ಒಳಗೆ ಮೇಜಿನ ಆಚೆ ಮೂವರು, ಈಚೆ ಒಂದು ಕುರ್ಚಿ. ನನಗಿಂತ ಮೊದಲು ಹೋದ ನಮ್ಮಂಥ ಕೇರಿಗಳ ಹುಡುಗಿಯರು ನಿಂತೇ ಉತ್ತರ ಹೇಳಿ ಬಂದಿದ್ದರು. ನನಗೂ ಯಾರೂ ಕೂರು ಅನ್ನಲಿಲ್ಲ. ಪಂಡಿತರೇ, ಅದು ಆಸನವಾಗಿದ್ದರೆ ನಾನೂ ನಿಂತೇ ಇರುತ್ತಿದ್ದೆನೋ ಏನೋ. ಸೀಟು ಖಾಲಿ ಇತ್ತು. ಟವಲ್ ಹಾಕಿದೆ. ಕೂತೆ.