ಗೊರಕೆಯ ಕ್ಯಾಸೆಟ್ಟು

ರೇಡಿಯೋ ಕೇಂದ್ರದಲ್ಲಿ ವರ್ಷಗಟ್ಟಲೆ ಟೇಪುಗಳ ನಡುವೆಯೇ ಕಳೆದವಳಿಗೆ ಜೊತೆಯವರು ಇಟ್ಟ ಹೆಸರು ರೀಲಕ್ಕ. ನಿವೃತ್ತಳಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾರದೆ, ಊರಿನ ಗ್ರಂಥಾಲಯದ ಹಿಂದಿನ ಕೋಣೆ ಹಿಡಿದಳು. ಜನ ತಂದುಕೊಡುವ ಹಳೆಯ ಕ್ಯಾಸೆಟ್ಟು, ವೀಡಿಯೋಗಳ ಬೂಷ್ಟು ಒರೆಸಿ, ಕಂಪ್ಯೂಟರಿಗೆ ಏರಿಸಿ, ಒಂದು ಪ್ರತಿ ಅವರಿಗೆ, ಅವರು ಒಪ್ಪಿದರೆ ಇನ್ನೊಂದು ಗ್ರಂಥಾಲಯಕ್ಕೆ ಕೊಡುತ್ತಿದ್ದಳು.

"ದೊಡ್ಡವರ ಭಾಷಣ ಉಳಿಸೋಕೆ ಬೇಕಾದಷ್ಟು ಜನ ಇದ್ದಾರೆ. ಅಜ್ಜಿ ಮೊಮ್ಮಗನಿಗೆ ಬೈದದ್ದನ್ನ ಉಳಿಸೋರು ಯಾರು?" ಎಂದು ಅವಳು ಗ್ರಂಥಪಾಲಕರನ್ನು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ದಪ್ಪ ಕನ್ನಡಕದ ಅಜ್ಜಿಯೊಬ್ಬಳು ಕರವಸ್ತ್ರದ ಗಂಟು ಬಿಚ್ಚಿ ಒಂದು ಕ್ಯಾಸೆಟ್ಟು ಮೇಜಿನ ಮೇಲಿಟ್ಟಳು. ಟೇಪು ಕರುಳಿನ ಹಾಗೆ ಹೊರಗೆ ಜೋತಾಡುತ್ತಿತ್ತು.

"ನಮ್ಮನೆಯವರ ಗೊರಕೆ ಕಣಮ್ಮ. ಮದುವೆಯಾದ ಹೊಸದರಲ್ಲಿ ಹಿಡಿದಿಟ್ಟಿದ್ದೆ. ಬೆಳಿಗ್ಗೆ ಎದ್ದು ಕೇಳಿಸೋಣ ಅಂತ ಹಾಕಿದ್ರೆ ಮಿಷನ್ನೇ ನುಂಗಿಬಿಡ್ತು. ಗೊರಕೆ ಹೊಡೆಯೋದೇ ಇಲ್ಲ ಅಂತ ಇವತ್ತಿಗೂ ಸಾಧಿಸ್ತಾರೆ!"

ಮಧ್ಯಾಹ್ನ ಇಸ್ತ್ರಿ ಅಂಗಿಯ ಅಜ್ಜ ಕಳ್ಳಬೆಕ್ಕಿನ ಹಾಗೆ ಇಣುಕಿದರು. "ನಮ್ಮಾಕೆ ಕೊಟ್ಟ ಕ್ಯಾಸೆಟ್ಟು... ರಿಪೇರಿ ಕಷ್ಟ ಅಲ್ವಾ? ಆಗದಿದ್ರೂ ನಿಮ್ಮನ್ನ ಯಾರೂ ದೂರಲ್ಲ ಬಿಡಿ."

ರೀಲಕ್ಕನಿಗೆ ನಗು ತಡೆಯಲಾಗಲಿಲ್ಲ. "ಯಜಮಾನರೇ, ನನ್ನ ಕೈಗೆ ಬಂದ ಟೇಪನ್ನ ನಾನು ಸಾಯೋಕೆ ಬಿಡಲ್ಲ. ನಾಳೆ ಇಬ್ಬರೂ ಬನ್ನಿ."

ಸ್ಕ್ರೂ ಬಿಚ್ಚಿ, ಸುಕ್ಕುಗಳನ್ನು ಬೆರಳಲ್ಲಿ ಮೆಲ್ಲಗೆ ಸವರಿ, ತುಂಡಾದ ತುದಿಗಳನ್ನು ತೆಳು ಅಂಟುಪಟ್ಟಿಯಿಂದ ಕೂಡಿಸಿ, ಟೇಪನ್ನು ಹೊಸ ಡಬ್ಬಿಗೆ ಸೇರಿಸಿದಳು. ಕೇಳುವುದನ್ನು ಮಾತ್ರ ಮರುದಿನಕ್ಕೆ ಇಟ್ಟುಕೊಂಡಳು.

ಮರುದಿನ ಇಬ್ಬರನ್ನೂ ಕೂರಿಸಿ ಗುಂಡಿ ಒತ್ತಿದ್ದೇ ತಡ, ಸರ್ರನೆಯ ಸದ್ದಿನ ಹಿಂದೆ ಗರಗಸ ಎಳೆದಂತೆ ಗೊರಕೆ ಎದ್ದಿತು. ಅಜ್ಜಿ ಗೆದ್ದ ಸೊಕ್ಕಿನಲ್ಲಿ ಗಂಡನತ್ತ ತಿರುಗಿದಳು. ಅಜ್ಜ ಕಿಟಕಿ ನೋಡಿದರು. ಅಷ್ಟರಲ್ಲಿ ಎಳೆ ಹೆಣ್ಣುದನಿಯೊಂದು ಪಿಸುಗುಟ್ಟಿತು: "ಬೆಳಗಾಗಲಿ, ಕೇಳಿಸ್ತೀನಿ ಇರಿ."

ಆದರೆ ಅಂದು ಅಜ್ಜಿ ಮಿಷನ್ನು ನಿಲ್ಲಿಸುವುದನ್ನೇ ಮರೆತಿದ್ದಳು. ಸ್ವಲ್ಪ ಹೊತ್ತಿಗೆ ಗರಗಸದ ಜೊತೆ ಸಣ್ಣ ಸೀಟಿಯಂಥ ಇನ್ನೊಂದು ಗೊರಕೆ ಸೇರಿಕೊಂಡಿತು. ಮೂವರೂ ಮುಖ ಮುಖ ನೋಡಿಕೊಂಡರು.

"ಇದು ಯಾರದು?" ಅಜ್ಜ ಕೇಳಿದರು.

"ಪಕ್ಕದ ಮನೆಯವರದ್ದಿರಬೇಕು."

"ಪಕ್ಕದ ಮನೆಯವರು ನಮ್ಮ ಮಂಚದ ಮೇಲೆ ಯಾಕೆ ಮಲಗಿದ್ರು?"

ಮೊದಲು ನಕ್ಕವಳು ಅಜ್ಜಿಯೇ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕ ನಗುವಿಗೆ ಓದುವ ಕೋಣೆಯವರು ಬಂದು ಬಾಗಿಲು ಮುಚ್ಚಿಹೋದರು.

ನಗು ಇಳಿದ ಮೇಲೆ ಅಜ್ಜ ರೀಲಕ್ಕನತ್ತ ತಿರುಗಿದರು. "ಅಮ್ಮಾ, ಆ ನಡುವಿನ ಮಾತು ಇನ್ನೊಂದು ಸಲ ಹಾಕ್ತೀರಾ? ಇವಳ ದನಿ ಹಾಗಿತ್ತು ಅನ್ನೋದೇ ನನಗೆ ಮರೆತುಹೋಗಿತ್ತು."

ರೀಲಕ್ಕ ಟೇಪನ್ನು ಹಿಂದಕ್ಕೆ ತಿರುಗಿಸಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಅಜ್ಜಿ ಕನ್ನಡಕ ಒರೆಸುತ್ತ, "ಸಾಕು ನಡೀರಿ, ಬಿಸಿಲೇರುತ್ತೆ," ಎಂದು ಗದರಿದಳೇ ಹೊರತು ಎದ್ದೇಳಲಿಲ್ಲ.