ಅತ್ತೆಗೆ ಸಿಗದೆ ಹೋದ ಮೂರು ತಿಂಗಳು

ನಮ್ಮ ಅತ್ತೆಯನ್ನು ಕುಳ್ಳು, ಅಂದರೆ ಬೆರಣಿ, ಒಟ್ಟುವ ಹಿತ್ತಲಿನ ಗುಡಿಸಲಿಗೆ ಹಾಕಿದ್ದು ಯಾರೆಂದು ಕೇಳಿದರೆ ಮನೆಯಲ್ಲಿ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಾವ ಮಗನ ಕಡೆ ಕೈ ತೋರಿಸುತ್ತಿದ್ದರು. ಮಗ, ಅಂದರೆ ನನ್ನ ಗಂಡ, ಊರವರ ಕಡೆ ತೋರಿಸುತ್ತಿದ್ದರು. ಊರವರು ಕ್ಷಯದ ಹೆಸರು ಹೇಳುತ್ತಿದ್ದರು. ಆದರೆ ಅವರ ಹಾಸಿಗೆ, ಒಂದು ತಾಟು, ಒಂದು ಚರಿಗೆ ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟವಳು ನಾನೇ. ಬೇರೆಯವರನ್ನು ಬೈಯುವ ಮೊದಲು ಅದನ್ನು ಹೇಳಿಬಿಡಬೇಕು.

ಎರಡನೆಯ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ನಮ್ಮದು ಯಲಬುರ್ಗಾದ ಹತ್ತಿರದ ಹಳ್ಳಿ, ನಿಜಾಮರ ಆಳ್ವಿಕೆ. ನನಗೆ ಇಪ್ಪತ್ತೆರಡು ವರ್ಷ, ಎರಡು ವರ್ಷದ ಮಗಳಿದ್ದಳು. ಅತ್ತೆ ನನ್ನ ತಂದೆಯ ಒಡಹುಟ್ಟಿದ ಅಕ್ಕ. ಅವರ ಮಗನಿಗೇ ನನ್ನನ್ನು ಕೊಟ್ಟಿದ್ದರು. ಹೀಗಾಗಿ ಅವರು ನನ್ನನ್ನು ಸೊಸೆ ಎಂದು ಎಂದೂ ಕರೆಯಲಿಲ್ಲ, 'ತಂಗಿ' ಎನ್ನುತ್ತಿದ್ದರು.

ಮೊದಲು ಕೆಮ್ಮು ಬಂತು. ಜೀರಿಗೆ ಕಷಾಯ, ಅರಿಶಿನ ಹಾಲು ಎಲ್ಲ ಆಯಿತು. ಒಲೆಯ ಹೊಗೆ ಎಂದುಕೊಂಡೆವು. ನಲವತ್ತು ವರ್ಷ ಆ ಹೊಗೆಯಲ್ಲೇ ಕೂತು ರೊಟ್ಟಿ ಬಡಿದವರು ಅವರು. ಆಮೇಲೆ ಉಗುಳಿದಾಗ ರಕ್ತ ಕಂಡಿತು. ಮಾವ ಮತ್ತು ನನ್ನ ಗಂಡ ಬಂಡಿ ಕಟ್ಟಿಸಿ, ಕೊಪ್ಪಳದಲ್ಲಿ ರೈಲು ಹತ್ತಿಸಿ, ಗದಗಿನ ಕಡೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಎದೆಯ ಫೋಟೋ ತೆಗೆಯುವ ಯಂತ್ರವಿತ್ತು. ನಾಲ್ಕು ದಿನದ ಮೇಲೆ ಮೂವರೂ ಮರಳಿದರು. ಅತ್ತೆ ಬಂಡಿಯಿಂದ ತಾವೇ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಕಾಲು ತೊಳೆದು ಒಳಗೆ ಬಂದರು.

"ಏನಂದ್ರು ಡಾಕ್ಟರು?" ಎಂದು ಕೇಳಿದೆ.

"ಗುಣ ಆಗೂದಿಲ್ಲ ಅಂದ್ರು," ಎಂದರು ಮಾವ. "ಎದಿ ರೋಗ. ಕ್ಷಯಾನ ಇರಬೇಕು. ಮತ್ತೇನ ಇರತೈತಿ?"

ಈ 'ಇರಬೇಕು' ಎರಡು ದಿನದಲ್ಲಿ 'ಐತಿ' ಆಯಿತು. ನೀರು ಸೇದಲು ಬಂದ ಹೆಂಗಸರು ನಮ್ಮ ಕೊಡದಿಂದ ದೂರ ನಿಂತರು. ಅಷ್ಟಾದ ಮೇಲೆ ಹಿತ್ತಲಿನ ಗುಡಿಸಲಿನಲ್ಲಿ ಕುಳ್ಳನ್ನು ಒಂದು ಬದಿಗೆ ಒತ್ತಿ ಜಾಗ ಮಾಡಿದರು.

ಕಿಟಕಿಯಿಲ್ಲದ ಗುಡಿಸಲು ಅದು. ಒಣಗಿದ ಸಗಣಿಯ ಧೂಳು ಗಾಳಿಯಲ್ಲೇ ಇರುತ್ತಿತ್ತು. ಉಸಿರಿಗೆ ಒದ್ದಾಡುವ ಜೀವವನ್ನು ತಂದು ಅಲ್ಲಿ ಮಲಗಿಸಿದೆವು! ನಾನು ದಿನಕ್ಕೆರಡು ಸಲ ಬಾಗಿಲ ಬಳಿ ಅಂಬಲಿ ಇಟ್ಟು ಬರುತ್ತಿದ್ದೆ. ರೊಟ್ಟಿ ಅರಗುವುದಿಲ್ಲ, ಹಾಲು ಕಫ, ಬೆಣ್ಣೆ ಕಫ, ಬಾಳೆಹಣ್ಣು ಕಫ ಎಂದು ಬಂದವರೆಲ್ಲ ಒಂದೊಂದನ್ನು ಬಿಡಿಸುತ್ತ ಹೋಗಿ ಕೊನೆಗೆ ಉಳಿದದ್ದು ಅಂಬಲಿ ಮಾತ್ರ. ಮಗಳು ಅಜ್ಜಿಯ ಕಡೆ ಓಡಿದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. "ಕೂಸಿನ್ನ ಒಯ್ಯಿ ತಂಗಿ, ನನ್ನ ಉಸರು ಹತ್ತೀತು," ಎನ್ನುತ್ತಿದ್ದರು. ಮೂರು ತಿಂಗಳು ಹೀಗೆ ನಡೆಯಿತು. ಕೈಬಳೆಗಳು ಮೊಣಕೈವರೆಗೂ ಸಡಿಲವಾಗಿ ಜಾರುವಷ್ಟು ಅವರು ಇಳಿದುಹೋದರು.

ಮಾನವಮಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಪಡಸಾಲೆಯ ಗೋಡೆಯ ಮಾಡದ ಗೂಡಿನಲ್ಲಿದ್ದ ಸಾಮಾನು ತೆಗೆದೆ. ಮಾವನ ಚುಟ್ಟಾದ ಕಟ್ಟಿನ ಕೆಳಗೆ ಮಡಚಿದ ಕಾಗದವೊಂದು ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ನನಗೆ ಕನ್ನಡ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೆ. ಆದರೆ ಕೆಳಗಿದ್ದ ದವಾಖಾನೆಯ ಶಿಕ್ಕೆಯ ಮುದ್ರೆ ನೋಡಿ ಇದು ಅತ್ತೆಯದೆಂದು ತಿಳಿಯಿತು. ಯಾರಿಗೂ ಹೇಳದೆ ಅದನ್ನು ಉಡಿಯಲ್ಲಿ ಕಟ್ಟಿಕೊಂಡು, ಸಂತೆಯ ನೆವ ಮಾಡಿ ಯಲಬುರ್ಗಾಕ್ಕೆ ನಡೆದೆ. ಅಲ್ಲಿ ಒಬ್ಬ ವಯಸ್ಸಾದ ಕಂಪೌಂಡರ ಸಾಹೇಬರಿದ್ದರು. ಹರೆಯದಲ್ಲಿ ಬಳ್ಳಾರಿಯ ಪಲ್ಟನ್ನಿನಲ್ಲಿ ಕೆಲಸ ಮಾಡಿ ಇಂಗ್ಲಿಷು ಕಲಿತವರು.

ಸಾಹೇಬರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಎರಡು ಸಲ ಓದಿದರು.

"ಯಾರ ಅಂದ್ರವ್ವಾ ಇದು ಕ್ಷಯ ಅಂತ?"

"ಮನ್ಯಾಗ ಅಂತಾರ್ರಿ."

"ಕ್ಷಯ ಅಲ್ಲ ಅಂತ ಸಾಫ್ ಬರದಾರ ಬೇಟಿ. ಎದಿಯೊಳಗ ಗಂಟಾಗೇತಿ, ಕೆಟ್ಟ ಗಂಟು. ಗುಣ ಆಗೂದಿಲ್ಲ, ಅದು ಖರೆ. ಆದರ ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ." ಮತ್ತೆ ಕಾಗದದ ಮೇಲೆ ಬೆರಳಿಟ್ಟರು. "ಎದಿಯೊಳಗ ನೀರು ತುಂಬತೈತಿ, ತಗಿಸಾಕ ಹದಿನೈದು ದಿನಕ್ಕೊಮ್ಮೆ ಕರಕೊಂಡು ಬರ್ರಿ ಅಂದಾರ. ಹೊಟ್ಟಿತುಂಬ ಉಣ್ಣಾಕ ಕೊಡ್ರಿ, ಗಾಳಿ ಆಡೂ ಕಡೆ ಒರಗಿಸಿ ಕುಂದರಸ್ರಿ, ನೋವಿಗೆ ಈ ಔಷಧದ ಹನಿ ಹಾಕ್ರಿ. ಎಷ್ಟು ಸಲ ಹೋಗಿ ಬಂದ್ರಿ?"

ಒಂದು ಸಲವೂ ಇಲ್ಲ ಎಂದು ತಲೆಯಾಡಿಸಿದೆ. ಸಾಹೇಬರು ಕಾಗದ ಮಡಚಿ ಕೈಗೆ ಕೊಟ್ಟರು.

ಎಲ್ಲೂ ನಿಲ್ಲದೆ ಮನೆಗೆ ನಡೆದೆ. ಮಾವ ಪಡಸಾಲೆಯಲ್ಲಿ ಇಬ್ಬರು ಹಿರಿಯರೊಂದಿಗೆ ಕೂತಿದ್ದರು. ಅವರೆದುರು ನಾನು ಅಲ್ಲಿಯವರೆಗೆ ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದೆ.

"ಮಾವಾರ, ಈ ಕಾಗದದಾಗ ಏನೈತಿ ಅಂತ ನಿಮಗ ಗೊತ್ತಿತ್ತಿಲ್ಲೋ?"

ಮಾವ ಕಾಗದ ನೋಡಿದರು. ಮುಖದಲ್ಲಿ ಸಿಕ್ಕಿಬಿದ್ದ ಕಳವಳವೂ ಇರಲಿಲ್ಲ. "ಗುಣ ಆಗೂದಿಲ್ಲ ಅಂದ ಮ್ಯಾಲೆ ಮುಂದಿಂದು ಯಾಕ ಕೇಳೂದು? ಸಾಯೂ ರೋಗಕ್ಕ ಯಾವ ಹೆಸರಾದ್ರೇನು?"

ಅವರು ಸುಳ್ಳು ಹೇಳಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಡಾಕ್ಟರು ಹೇಳುತ್ತಲೇ ಇದ್ದರು, ಈ ಮನುಷ್ಯ ಮೊದಲ ಮಾತಿಗೇ ಕಿವಿ ಮುಚ್ಚಿಕೊಂಡು ಎದ್ದು ಬಂದಿದ್ದರು. ಅವರ ಎತ್ತಿಗೆ ಹುಣ್ಣಾದಾಗ ಎರಡು ಊರು ತಿರುಗಿ ಔಷಧ ತಂದಿದ್ದನ್ನು ನಾನು ನೋಡಿದ್ದೆ. ಗಂಡನನ್ನು ಕೇಳಿದರೆ, "ಅಪ್ಪ ಒಳಗ ಹೋಗಿದ್ದ, ನಾ ಅವ್ವನ ಕೂಡ ಹೊರಗ ಕುಂತಿದ್ದೆ," ಎಂದರು. ಮೂರು ತಿಂಗಳಲ್ಲಿ ಒಂದು ಸಲ ಅಪ್ಪನನ್ನು ಕೇಳಲು ಏನು ಧಾಡಿಯಾಗಿತ್ತು?

ನಾನು ಹಿತ್ತಲಿಗೆ ಹೋಗಿ ಅತ್ತೆಯನ್ನು ಎತ್ತಿಕೊಂಡೆ. ಹೌದು, ಎತ್ತಿಕೊಂಡೆ. ಒಂದು ಹೊರೆ ಜೋಳದ ಕಣಕಿಯಷ್ಟೂ ಭಾರವಿರಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಕೌದಿ ಒಟ್ಟಿ ಅವರನ್ನು ಒರಗಿಸಿದೆ. ಹಿರಿಯರಿಬ್ಬರೂ ಮೂಗಿಗೆ ಹೆಗಲ ವಲ್ಲಿ ಹಿಡಿದು ಎದ್ದು ಹೋದರು.

"ನಿಮ್ಮದು ಕ್ಷಯ ಅಲ್ಲ, ಅತ್ತಿ," ಎಂದೆ. "ಯಾರಿಗೂ ಹತ್ತೂದಿಲ್ಲಂತ. ಆದರ ಗುಣಾನೂ ಆಗೂದಿಲ್ಲಂತ."

ಎರಡನೆಯ ಮಾತು ಅವರಿಗೆ ಮುಟ್ಟಲೇ ಇಲ್ಲವೇನೋ. "ಹಂಗಾರ ಮೂರು ತಿಂಗಳು ಕೂಸಿನ್ನ ಮುಟ್ಟಲಿಲ್ಲಲ್ಲ ನಾ," ಎಂದರು. ಆಮೇಲೆ ಮಾವನ ಕಡೆ ನೋಡಿ, "ಯಾಕ ಮುಟ್ಟಗೊಡಲಿಲ್ರಿ?" ಎಂದು ಕೇಳಿದರು. ಮಾವ ಎದ್ದು ಹೊಲಕ್ಕೆ ಹೋದರು.

ಮರುದಿನ ನನ್ನ ಗಂಡ ಮಾತಾಡದೆ ಬಂಡಿ ಹೂಡಿದರು. ಗದಗಿಗೆ ನಾವು ಮೂವರೂ ಮಗಳೂ ಹೋದೆವು. ದವಾಖಾನೆಯ ಮೆಟ್ಟಿಲ ಮೇಲೆ ಮಗನೇ ತಾಯಿಯನ್ನು ಹೊತ್ತುಕೊಂಡಿದ್ದರು. ಡಾಕ್ಟರು ನೋಡಿದವರೇ ಸಿಟ್ಟಾದರು.

"ಈ ಅವ್ವ ಆವತ್ತು ತಾನ ನಡಕೊಂಡು ಬಂದಿದ್ಲು. ಇಷ್ಟು ದಿನ ಎಲ್ಲಿ ಇಟ್ಟಿದ್ರಿ?"

ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಗಾಜಿನ ಪಾತ್ರೆ ತಿಳಿಗೆಂಪಾಗಿ ತುಂಬುತ್ತ ಬಂತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿನಲ್ಲೇ ಹಿಡಿತ ಸಡಿಲವಾಯಿತು. "ಗಾಳಿ ಒಳಗ ಹೋತು ತಂಗಿ," ಎಂದು ನಕ್ಕರು. ಬರೀ ಒಂದು ಸೂಜಿಯಿಂದ ಆಗುವ ಕೆಲಸ ಅದು.

ಎಷ್ಟು ದಿನ ಬದುಕುತ್ತಾರೆ ಎಂದು ನಾನು ಹೊರಗೆ ಬಂದು ಡಾಕ್ಟರನ್ನು ಕೇಳಿದೆ.

"ಗಂಟು ಒಂದ ಅದನ್ನ ಹೇಳೂದಿಲ್ಲವ್ವಾ. ಮೈ ಎಷ್ಟು ಇಳದೈತಿ, ಎದ್ದು ಓಡಾಡೂ ತ್ರಾಣ ಎಷ್ಟೈತಿ, ನೀರು ಎಷ್ಟು ಲಗೂನ ತುಂಬತೈತಿ, ಎಲ್ಲಾ ನೋಡಬೇಕಾಗತೈತಿ. ಮನ್ಯಾಗ ಯಾರು ನೋಡಕೊಳ್ತಾರ ಅನ್ನೂದೂ ಅದರಾಗ ಬರತೈತಿ. ಆವತ್ತ ಕೇಳಿದ್ರ ಒಂದು ವರ್ಷ ಅಂತಿದ್ದೆ. ಇವತ್ತ ನಾ ಏನೂ ಹೇಳೂದಿಲ್ಲ."

ಅತ್ತೆ ಇನ್ನೂ ಐದು ತಿಂಗಳು ಬದುಕಿದರು. ಪಡಸಾಲೆಯಲ್ಲಿ, ಬಾಗಿಲ ಗಾಳಿಗೆ ಎದುರಾಗಿ ಒರಗಿ ಕೂತು ಬದುಕಿದರು. ಹಾಲು ಕುಡಿದರು, ಬೆಣ್ಣೆ ಹಚ್ಚಿದ ಮೆತ್ತನೆಯ ರೊಟ್ಟಿ ತಿಂದರು, ಹೆಸರುಬೇಳೆ ಕಟ್ಟಿನ ಸಾರಿಗೆ ಉಪ್ಪು ಕಡಿಮೆ ಎಂದು ನನ್ನನ್ನು ಬೈದರು. ಮಗಳಿಗೆ ಹೆರಳು ಹಾಕಿದರು. ಒಂಬತ್ತು ಸಲ ಗದಗಿಗೆ ಹೋಗಿ ಬಂದೆವು. ಹತ್ತನೆಯ ಸಲಕ್ಕೆ ಅವರೇ, "ಸಾಕು, ಬಂಡಿ ಕುಲುಕತೈತಿ," ಎಂದರು. ಅದಾದ ಹತ್ತನೆಯ ದಿನ, ಜೋಳದ ರಾಶಿ ಮುಗಿದ ಹೊತ್ತಿಗೆ, ನನ್ನ ಮಗ್ಗುಲಲ್ಲೇ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಬೀಗರು ಬಿಜ್ಜರು ಪಡಸಾಲೆಯಲ್ಲಿ ಕೂತು ಮಾವನನ್ನು ಸಮಾಧಾನ ಮಾಡುತ್ತಿದ್ದರು. ಮಾವ ನಿಜವಾಗಿಯೂ ಅಳುತ್ತಿದ್ದರು.

"ಎಷ್ಟು ಛಲೋ ಜ್ವಾಪಾನ ಮಾಡಿದ್ರಿ. ನಿಮ್ಮ ಪುಣ್ಯೇದಿಂದ ಇಷ್ಟು ದಿನ ಬದುಕಿದ್ಲು," ಎಂದರು ಒಬ್ಬರು. "ಆಕಿ ಆಯುಷ್ಯ ಅಷ್ಟ ಬರದಿತ್ತು," ಎಂದರು ಇನ್ನೊಬ್ಬರು.

ನಾನು ಒಳಗೆ ತಡೆದುಕೊಂಡು ನಿಂತಿದ್ದೆ, ಆಗಲಿಲ್ಲ. ಹೊಸ್ತಿಲು ದಾಟಿ ಬಂದೆ.

"ಮೂರು ತಿಂಗಳು ಕುಳ್ಳಿನ ಜೋಡಿ ಇಟ್ಟಿದ್ವಿರಿ ಆಕೀನ್ನ," ಎಂದೆ. "ಆಯುಷ್ಯದ ಮ್ಯಾಲೆ ಹಾಕಬ್ಯಾಡ್ರಿ."

ಮಾವ ಅಂದಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನೊಂದಿಗೆ ಮಾತಾಡಲಿಲ್ಲ. ಬೇಕಾದದ್ದನ್ನು ಮೊಮ್ಮಗಳ ಬಾಯಿಂದ ಹೇಳಿಸುತ್ತಿದ್ದರು. ನಾನೂ ಹಾಗೇ ಹೇಳಿಸುತ್ತಿದ್ದೆ. ಊರಿನಲ್ಲಿ ನನಗೆ ಬಾಯಿಬಡುಕಿ ಎಂಬ ಹೆಸರು ಬಂತು. ಆದರೆ ಮುಂದೆ ಯಾರ ಮನೆಯಲ್ಲಾದರೂ ದವಾಖಾನೆಯ ಕಾಗದ ಬಂದರೆ, ಹೆಂಗಸರು ಅದನ್ನು ಸೆರಗಿನಲ್ಲಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ನನ್ನ ಹತ್ತಿರವೇ ಬರುತ್ತಿದ್ದರು. ನಾನು ಅವರನ್ನು ಕರೆದುಕೊಂಡು ಕಂಪೌಂಡರ ಸಾಹೇಬರ ಕಡೆ ನಡೆಯುತ್ತಿದ್ದೆ, ಕಾಗದವನ್ನು ಕೊನೆಯ ಸಾಲಿನವರೆಗೂ ಓದಿಸುತ್ತಿದ್ದೆ.