ಮಾಳಿಗೆ ಮುಟ್ಟದ ಗೋಡೆ

ಇಮಾಮಸಾಬರೇ, ಆ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಿದವನು ನಾನು. ನೀವಲ್ಲ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ ನಿಲ್ಲಿಸಿದೆ — ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ.

ಗುಳೇದಗುಡ್ಡದ ಆ ಹಳೆಯ ಮಗ್ಗದ ಮನೆಯನ್ನು ಶಾರದಕ್ಕನವರ ಸಂಸ್ಥೆ ನೊಂದ ಹೆಣ್ಣುಮಕ್ಕಳ ಆಪ್ತಸಮಾಲೋಚನೆಯ ಕೋಣೆಗಳಿಗೆಂದು ತೆಗೆದುಕೊಂಡಾಗ ದುರಸ್ತಿಯ ಉಸ್ತುವಾರಿ ನನ್ನದು. ನಾನು ಬಾಗಲಕೋಟೆಯಲ್ಲಿ ಓದಿದ ಇಂಜಿನಿಯರ್, ನೀವು ಗೋಡೆ ಕಟ್ಟುವ ಗೌಂಡಿ. ಆದರೂ ಶಾರದಕ್ಕ ಬಂದೊಡನೆ ಕೇಳುತ್ತಿದ್ದುದು ನಿಮ್ಮನ್ನೇ — "ಇಮಾಮಸಾಬಣ್ಣ, ನೀವೇನಂತೀರಿ?" ನಾನು ಪಕ್ಕದಲ್ಲೇ ನಿಂತು ನಕ್ಷೆಯನ್ನು ಸುತ್ತುತ್ತ ಬಿಚ್ಚುತ್ತ ಇರುತ್ತಿದ್ದೆ.

ನನ್ನ ನಕ್ಷೆಯಲ್ಲಿ ಕೋಣೆಗಳ ಗೋಡೆ ಮೇಲ್ಛಾವಣಿ ಮುಟ್ಟದೆ ಒಂಬತ್ತು ಅಡಿಗೆ ನಿಲ್ಲುತ್ತಿತ್ತು. ಮೇಲಿನ ಸಂದನ್ನು ಫಾಲ್ಸ್ ಸೀಲಿಂಗ್ ಮುಚ್ಚುತ್ತಿತ್ತು. ನೀವು ಎಲ್ಲರೆದುರು ಹೇಳಿದಿರಿ — "ಗ್ವಾಡಿ ಮಾಳಗಿ ಮುಟ್ಟಬೇಕ್ರಿ ಅಕ್ಕಾರ. ನಾ ಮಗ್ಗದ ಓಣ್ಯಾಗ ಬೆಳೆದಾಂವ. ಮಗ್ಗ ಸದ್ದು ಮಾಡೂವಾಗಷ್ಟ ಹೆಣ್ಮಕ್ಕಳು ಮನಸಿನ ಮಾತು ಆಡತಿದ್ರು. ಮಗ್ಗ ನಿಂತ್ರ ಬಾಯಿ ಮುಚ್ಚತಿದ್ರು. ಇಲ್ಲಿ ಈಗ ಮಗ್ಗ ಇಲ್ಲಲ್ರಿ, ಮ್ಯಾಲಿನ ಸಂದ್ಯಾಗಿಂದ ಮಾತು ಬಾಜೂಕ ಕೇಳತೈತಿ."

ಎಲ್ಲರೂ ತಲೆದೂಗಿದರು, ಶಾರದಕ್ಕ ಹಾಗೇ ಆಗಲಿ ಅಂದರು. ನೀವು ಹೇಳಿದ್ದು ಖರೆ ಎಂದು ನನಗೂ ಆ ಕ್ಷಣವೇ ತಿಳಿಯಿತು. ಅದನ್ನೇ ನಾನು ಸಹಿಸಲಾರದೆ ಹೋದೆ.

ಮರುದಿನ ಶಾರದಕ್ಕ ಇಳಕಲ್‌ಗೆ ಹೋಗಿದ್ದರು. ಗೋಡೆ ಒಂಬತ್ತು ಅಡಿ ಏರಿತ್ತು. ಸಾಕು, ನಿಲ್ಲಿಸಿ ಅಂದೆ. "ಅಕ್ಕಾರಿಗೆ ಗೊತ್ತೈತೇನ್ರಿ, ಸಾಹೇಬ್ರ?" ಎಂದು ಕೇಳಿದಿರಿ.

"ಗೊತ್ತೈತಿ," ಅಂದೆ. ಗೊತ್ತಿರಲಿಲ್ಲ. ಎರಡೇ ದಿನದಲ್ಲಿ ಸೀಲಿಂಗ್ ಹಾಕಿಸಿ ಮುಚ್ಚಿಬಿಟ್ಟೆ.

ಕೇಂದ್ರ ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ನೇಕಾರರ ಮನೆಯ ಸೊಸೆಯೊಬ್ಬಳು ಬಾಗಿಲು ಹಾಕಿಕೊಂಡು ಗಂಡನ ಏಟುಗಳ ಬಗ್ಗೆ ಮೊದಲ ಸಲ ಬಾಯಿಬಿಟ್ಟಳು. ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ ಅವಳ ನಾದಿನಿಗೆ ಪ್ರತಿ ಅಕ್ಷರವೂ ಕೇಳಿತು. ಆ ಸಂಜೆ ಮನೆಯಲ್ಲಿ ಅವಳಿಗೆ ಏನಾಯಿತೋ — ಮತ್ತೆ ಅವಳು ಬರಲಿಲ್ಲ.

ಶಾರದಕ್ಕ ಸೀಲಿಂಗ್ ಬಿಚ್ಚಿಸಿದರು, ಸಂದು ಕಂಡಿತು. ಗೌಂಡಿಗಳೆಲ್ಲ ನೆರೆದಿದ್ದರು. "ಸಾಹೇಬ್ರನ್ನ ಕೇಳ್ರಿ ಅಕ್ಕಾರ," ಅಂದಿರಿ ನೀವು, ಅಷ್ಟೇ. ಅವರು ನನ್ನತ್ತ ತಿರುಗಿದರು.

"ನಾ ಮಾಳಗಿ ಮುಟ್ಟಸ್ರಿ ಅಂತನ ಇವರಿಗೆ ಹೇಳಿದ್ದೆ," ಅಂದುಬಿಟ್ಟೆ ನಾನು.

 ನೀವು ಗಾರೆ ಮೆತ್ತುವ ಥಾಪಿಯನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದಿರಿ. ನಿಜ ಹೇಳಲೇ — ಶಾರದಕ್ಕ ನಿಮ್ಮನ್ನು ಹಿಂದಕ್ಕೆ ಕರೆಯದೆ ಬಿಟ್ಟ ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಒಬ್ಬ ಹೆಣ್ಣುಮಗಳ ಗುಟ್ಟು ಬೀದಿಗೆ ಬಿದ್ದಿದ್ದರೂ ನನಗೆ ಸಂತೋಷವಾಯಿತು.

ಊರಲ್ಲಿ ನಿಮಗೆ ಕೆಲಸ ಕೊಡುವವರು ಇಲ್ಲವಾದರು. ಈಗ ಕುಳಗೇರಿ ಕ್ರಾಸಿನ ಕಡೆ ಯಾರದೋ ಅಂಗಡಿಗಳಿಗೆ ಗೋಡೆ ಕಟ್ಟುತ್ತೀರಂತೆ. ಇಲ್ಲಿ ಬೇರೆ ಗೌಂಡಿ ಬಂದು ಗೋಡೆ ಏರಿಸಿದ. ಕೋಣೆಗಳು ಚೆನ್ನಾಗಿವೆ ಎಂದು ಜನ ಇಂದಿಗೂ ನನ್ನನ್ನು ಹೊಗಳುತ್ತಾರೆ, ನಾನೂ ಹಲ್ಲು ಬಿಡುತ್ತೇನೆ.

ಇವತ್ತು ಅದೇ ಕೋಣೆಯಲ್ಲಿ ಕೂತು ಶಾರದಕ್ಕನಿಗೆ ಎಲ್ಲವನ್ನೂ ಹೇಳಿದೆ.  ಗೋಡೆ ಈಗ ಮಾಳಿಗೆ ಮುಟ್ಟಿದೆ, ಹೊರಗೆ ಯಾರಿಗೂ ಏನೂ ಕೇಳಲಿಲ್ಲ. ನಿಮ್ಮ ಮೇಲೆ ಸುಳ್ಳು ಹೇಳಿದ್ದು ಮಾತ್ರ ಎಲ್ಲರೆದುರಿಗೆ. ಅದಕ್ಕೇ ಸೋಮವಾರ ಮುಂಜಾನೆ, ಗೌಂಡಿಗಳು ಕೆಲಸಕ್ಕೆ ಕಾಯುತ್ತ ನಿಲ್ಲುವ ಜಾಗದಲ್ಲಿ, ಎಲ್ಲರಿಗೂ ಕೇಳುವಂತೆ ಇದನ್ನು ಹೇಳುತ್ತೇನೆ. ನೀವು ಬರಲೇಬೇಕೆಂದಿಲ್ಲ.

ಆ ಹೆಣ್ಣುಮಗಳಿಗೆ ಎಲ್ಲಿ ನಿಂತು ಹೇಳಲಿ — ತಿಳಿಯದು. ಅವಳು ಇನ್ನೂ ಬಂದಿಲ್ಲ.